ಶುದ್ಧ ಸಸ್ಯಾಹಾರಿ ಬೆರಳು

ನನ್ನ ಗಂಡನ ಬಲಗೈಯ ಉಂಗುರದ ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಲೋಕಲ್ ಗಾಡಿಯ ಕಂಬಿ ಹಿಡಿದರೆ ಉಳಿದ ಬೆರಳುಗಳು ಹಿಡಿಯುತ್ತವೆ, ಅದೊಂದು ಮಾತ್ರ ಸೆಟೆದುಕೊಂಡು ನಿಲ್ಲುತ್ತದೆ. ಯಾರಾದರೂ ಕೇಳಿದರೆ "ಸಣ್ಣ ಇನ್‌ಫೆಕ್ಷನ್ ಆಗಿತ್ತು" ಎಂದು ಹೇಳಿ ಅವರು ಮಾತು ಮುಗಿಸುತ್ತಾರೆ. ನನಗೆ ಹಾಗೆ ಮುಗಿಸಲು ಬರುವುದಿಲ್ಲ. ಆ ಬೆರಳಿಗೆ ಆದದ್ದು ಏನು ಎಂದು ಕಂಡುಹಿಡಿಯಲಿಕ್ಕೆ ಸುಮಾರು ಆರು ತಿಂಗಳು ಬೇಕಾಯಿತು. ಆ ಆರು ತಿಂಗಳಲ್ಲಿ ಅವರ ಹೊಟ್ಟೆಯೊಳಗಿರುವ ನನ್ನ ಕಿಡ್ನಿ ಕೈತಪ್ಪಿ ಹೋಗುವ ಹಾಗೆ ಆಗಿತ್ತು. ನೆನೆದರೆ ಈಗಲೂ ಮೈ ಉರಿಯುತ್ತದೆ. ಯಾರ ಮೇಲೆ ಎಂದು ಕೇಳಿದರೆ ಪಟ್ಟಿ ಉದ್ದವಿದೆ, ಮತ್ತು ಅದರಲ್ಲಿ ನಾನೂ ಇದ್ದೇನೆ.

ನನ್ನ ಕಿಡ್ನಿ ಎಂದದ್ದು ಬಾಯಿಮಾತಿಗಲ್ಲ. ಐದು ವರ್ಷದ ಹಿಂದೆ ಅವರ ಎರಡೂ ಕಿಡ್ನಿ ಕೈಕೊಟ್ಟಾಗ ನನ್ನದು ಹೊಂದುತ್ತದೆ ಎಂದು ಗೊತ್ತಾಗಿ, ನವಿ ಮುಂಬಯಿಯ ಆಸ್ಪತ್ರೆಯಲ್ಲಿ ಒಂದನ್ನು ತೆಗೆದು ಅವರಿಗೆ ಹಾಕಿದರು. ಅಂದಿನಿಂದ ನಮ್ಮ ಮನೆಯ ಜಗಳಗಳಲ್ಲಿ ಕೊನೆಯ ಮಾತು ನನ್ನದು. ಅವರು ನೀರು ಕುಡಿಯಲು ಸೋಮಾರಿತನ ಮಾಡಿದರೆ "ನನ್ನ ಕಿಡ್ನಿಗೆ ಬಾಯಾರಿಕೆ ಆಗ್ತಾ ಉಂಟು, ಏಳಿ ಮಾರಾಯ್ರೆ" ಎನ್ನುತ್ತೇನೆ, ಎದ್ದು ಕುಡಿಯುತ್ತಾರೆ. ನಗೆಯ ಮಾತು ಬಿಟ್ಟರೆ, ವಿಷಯ ಇಷ್ಟು: ಕಿಡ್ನಿ ಬೇರೆಯವರದ್ದು ಎಂದು ದೇಹ ಅದರ ಮೇಲೆ ಬೀಳಬಾರದು. ಅದಕ್ಕೆ ದೇಹದ ಕಾವಲನ್ನೇ ಮಂಪರಿನಲ್ಲಿಡುವ ಮಾತ್ರೆಗಳನ್ನು ದಿನಕ್ಕೆರಡು ಹೊತ್ತು, ಜೀವ ಇರುವ ತನಕ ನುಂಗಬೇಕು. ಕಾವಲು ಮಂಪರಿನಲ್ಲಿದ್ದಾಗ ಯಾವ ರೋಗ ಬೇಕಾದರೂ ಒಳಗೆ ಬರಬಹುದು, ಬಂದದ್ದು ತನ್ನ ನಿಜವಾದ ಮುಖ ತೋರಿಸದೆಯೂ ಇರಬಹುದು. ಇದನ್ನು ಡಿಸ್ಚಾರ್ಜ್ ದಿನ ಒಬ್ಬ ನರ್ಸ್ ಇಂಗ್ಲಿಷಿನಲ್ಲಿ ಸರಸರ ಓದಿ ಹೇಳಿ ನಮ್ಮ ಸಹಿ ಹಾಕಿಸಿಕೊಂಡಿದ್ದಳು.

ಆಪರೇಷನ್ ಆದ ಮೇಲೆ ಕಲ್ಯಾಣದ ಹಳೆಯ ಮನೆ ಬಿಡಬೇಕಾಯಿತು. ಗೋಡೆಯೆಲ್ಲ ಒದ್ದೆ, ಕಪ್ಪು ಬೂಸ್ಟು, ಮಳೆ ಬಂದರೆ ಮೆಟ್ಟಿಲ ತನಕ ಗಟಾರದ ನೀರು. ಡಾಕ್ಟರು ಒಣಗಿದ, ಸ್ವಚ್ಛವಾದ ಮನೆ ನೋಡಿ ಎಂದರು. ಠಾಕುರ್ಲಿ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಹೊಸ ಕಟ್ಟಡದಲ್ಲಿ ನಾಲ್ಕನೇ ಮಾಳಿಗೆಯ ಬಾಡಿಗೆ ಮನೆ ಸಿಕ್ಕಿತು. ಲಿಫ್ಟ್ ಉಂಟು, ಗಾಳಿ ಬೆಳಕು ಉಂಟು, ಇಪ್ಪತ್ತನಾಲ್ಕು ಗಂಟೆ ನೀರು ಉಂಟು. ಒಂದೇ ಷರತ್ತು. ಆ ಕಟ್ಟಡದ ಹೌಸಿಂಗ್ ಸೊಸೈಟಿಯಲ್ಲಿ ಮೀನು ಮಾಂಸ ತಿನ್ನುವವರಿಗೆ ಮನೆ ಕೊಡುವುದಿಲ್ಲ.

ನಾವು ಕರಾವಳಿಯವರು. ಮನೆಯಲ್ಲಿ ತುಳು ಮಾತಾಡುವವರು. ಮೀನಿಲ್ಲದ ಊಟವನ್ನು ನಮ್ಮ ಕಡೆ ಹಬ್ಬದ ದಿನ ಬಿಟ್ಟರೆ ಜ್ವರ ಬಂದ ದಿನ ಉಣ್ಣುತ್ತಾರೆ. ಆದರೆ ನನ್ನ ಗಂಡ ಠಾಣೆಯ ಮಾಜಿವಾಡಾದಲ್ಲಿ ಒಂದು ಉಡುಪಿ ಹೋಟೆಲಿನ ಮ್ಯಾನೇಜರು. ಮೂವತ್ತು ವರ್ಷದಿಂದ ಇಡ್ಲಿ ದೋಸೆಯ ನಡುವೆಯೇ ಇರುವ ಮನುಷ್ಯ. ಉಡುಪಿ ಹೋಟೆಲಿನವರೆಂದರೆ ಸಸ್ಯಾಹಾರಿಗಳೇ ಎಂದು ಮುಂಬಯಿಯವರು ತೀರ್ಮಾನ ಮಾಡಿ ಎಷ್ಟೋ ಕಾಲವಾಗಿದೆ. ಮನೆಯ ಮಾಲೀಕರು ಕೇಳಲೇ ಇಲ್ಲ, "ಉಡುಪಿವಾಲೇ, ಅಚ್ಛಾ ಅಚ್ಛಾ" ಎಂದು ಅವರೇ ಸಂತೋಷಪಟ್ಟರು. ನಾವು ಸುಳ್ಳು ಹೇಳಲಿಲ್ಲ. ಬಾಯಿ ಮುಚ್ಚಿಕೊಂಡೆವು. ಆಗ ನನಗೆ ಅದು ಜಾಣತನ ಎಂದೇ ಅನಿಸಿತ್ತು.

ಆಮೇಲೆ ನಾವು ನಡೆಸಿದ ಕಳ್ಳತನದ ಸಂಸಾರವನ್ನು ಹೇಳಿದರೆ ನಿಮಗೆ ನಗು ಬಂದೀತು. ನನಗೆ ಠಾಣೆಯ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ. ಶನಿವಾರ ವಾಪಸ್ ಬರುವಾಗ ಮುಂಬ್ರಾದಲ್ಲಿ ಇಳಿಯುತ್ತಿದ್ದೆ, ಏಕೆಂದರೆ ನಮ್ಮ ಕಟ್ಟಡದವರು ಯಾರೂ ಅಲ್ಲಿ ಇಳಿಯುವುದಿಲ್ಲ. ಮೀನಿನವಳ ಹತ್ತಿರ ಐಸಿನ ಜೊತೆ ಸ್ಟೀಲ್ ಡಬ್ಬಿಗೆ ತುಂಬಿಸಿ, ಡಬ್ಬಿಯನ್ನು ಎರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಶಾಲೆಯ ಫೈಲು ಇಟ್ಟುಕೊಂಡು ಮತ್ತೊಂದು ಗಾಡಿ ಹತ್ತುವುದು. ಸಿಗಡಿಯನ್ನು ಅಲ್ಲಿಯೇ ಸುಲಿಸಿದರೆ ನೀರು ಬಿಟ್ಟು ವಾಸನೆ ಬರುತ್ತದೆ, ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಮೂಗು ಮುಚ್ಚುವವರು ಶುರುವಾಗುತ್ತಾರೆ. ಅದಕ್ಕೆ ಸಿಪ್ಪೆ ಸಮೇತ ತರುವುದು. ಭಾನುವಾರ ಹೋಟೆಲಿಗೆ ಬೇರೆಯವರ ಪಾಳಿ, ಗಂಡ ಮನೆಯಲ್ಲಿ. ಅಡುಗೆಮನೆಯ ಕಿಟಕಿ ಎಲ್ಲರ ಕಿಟಕಿ ತೆರೆಯುವ ಡಕ್ಟಿಗೇ, ಕಟ್ಟಡದ ನಡುವಿನ ಗಾಳಿಕಿಂಡಿಗೇ ತೆರೆಯುವುದರಿಂದ, ಅವರು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು, ಕುಕ್ಕರಗಾಲಿನಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದರು. ನಾನು ಹೊರಗೆ ಊದುಬತ್ತಿ ಹಚ್ಚುತ್ತಿದ್ದೆ. ಸಿಪ್ಪೆಯೆಲ್ಲ ಪೇಪರಿನಲ್ಲಿ ಕಟ್ಟಿ ಫ್ರಿಜ್ಜಿನ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಸೋಮವಾರ ನನ್ನ ಬ್ಯಾಗಿನಲ್ಲಿ ಠಾಣೆಗೆ ಒಯ್ದು ಎಸೆಯುತ್ತಿದ್ದೆ. ಹಾಗೆ ನಾಲ್ಕು ವರ್ಷ ನಡೆಯಿತು. ಹೊಟ್ಟೆಗೆ ತಿನ್ನುವ ಅನ್ನಕ್ಕೆ ಇಷ್ಟು ಹೆದರಬೇಕಾ ಎಂದು ಎಷ್ಟೋ ಸಲ ಸಿಟ್ಟು ಬಂದಿದೆ, ಆದರೆ ಆ ಮನೆಯ ಒಣ ಗೋಡೆಗಳನ್ನು ನೋಡಿ ನುಂಗಿಕೊಂಡಿದ್ದೇನೆ.

ಆಪರೇಷನ್ ಆದ ಹೊಸತರಲ್ಲಿ ಅವರ ಕೈಗೆ ರಬ್ಬರ್ ಗ್ಲೌಸ್ ಕೊಟ್ಟಿದ್ದೆ. "ಗ್ಲೌಸ್ ಹಾಕಿ ಎಟ್ಟಿ ಸುಲಿಯುವುದಾ? ನಮ್ಮಮ್ಮ ಕೇಳಿದ್ರೆ ನಗಾಡಿಯಾರು" ಎಂದು ಬಕೆಟಿನ ಮೇಲೆ ನೇತುಹಾಕಿದರು. ಎಟ್ಟಿ ಎಂದರೆ ತುಳುವಿನಲ್ಲಿ ಸಿಗಡಿ. ನಾನು ಇನ್ನೊಂದು ಸಲ ಹೇಳಲಿಲ್ಲ. ಡಾಕ್ಟರು ಹಸಿ ತಿನ್ನಬೇಡಿ ಎಂದಿದ್ದಾರೆ, ಹಸಿ ತಿನ್ನುತ್ತಿಲ್ಲವಲ್ಲ ಎಂದುಕೊಂಡೆ.

ಮಳೆಗಾಲ ಹಿಡಿಯುವ ಮೊದಲಿನ ಒಂದು ಭಾನುವಾರ ಸಿಗಡಿಯ ತಲೆಯ ಮುಳ್ಳು ಆ ಬೆರಳಿಗೆ ಚುಚ್ಚಿತು. ಬಚ್ಚಲಿನಿಂದ "ಹ್ಸ್" ಎಂದ ಶಬ್ದ ಕೇಳಿ ಏನಾಯ್ತು ಎಂದೆ. "ಮುಳ್ಳು ತಾಗಿತು, ಎಂತ ಇಲ್ಲ" ಎಂದರು. ಒಂದು ಹನಿ ರಕ್ತ, ಕಾಲೇಜಿಗೆ ಹೋಗುವ ನಮ್ಮ ಮಗಳೂ ನೋಡಿದಳು. ಅಂಥ ಮುಳ್ಳು ಅವರಿಗೆ ಜೀವನದಲ್ಲಿ ಸಾವಿರ ಸಲ ತಾಗಿದೆ. ತೆಂಗಿನಕಾಯಿ ಅರೆದು ಮಾಡಿದ ಸಿಗಡಿ ಗಸಿ ಚೆನ್ನಾಗಿತ್ತು, ಮುಳ್ಳು ಮರೆತೇ ಹೋಯಿತು.

ಮೂರ್ನಾಲ್ಕು ವಾರದ ಮೇಲೆ ಬೆರಳಿನ ಗಂಟಿನ ಮೇಲೆ ಕೆಂಪಗೆ ಒಂದು ಬೊಕ್ಕೆ ಎದ್ದಿತು. ನೋವಿಲ್ಲ, ತುರಿಕೆ ಇಲ್ಲ. ಅವರು ಹೋಟೆಲಿನಿಂದ ಬರುವಾಗ ಮೆಡಿಕಲ್ ಸ್ಟೋರಿನವನಿಗೆ ತೋರಿಸಿ ಒಂದು ಟ್ಯೂಬು ತಂದರು. ಆ ಟ್ಯೂಬು ನಿಮ್ಮ ಮನೆಯಲ್ಲೂ ಇದ್ದೀತು. ಗಜಕರ್ಣಕ್ಕೂ ಅದೇ, ಗುಳ್ಳೆಗೂ ಅದೇ, ಸೊಳ್ಳೆ ಕಡಿದರೂ ಅದೇ. ಅದರೊಳಗೆ ಸ್ಟೆರಾಯ್ಡ್ ಇರುತ್ತದೆ, ಕೆಂಪು ಇಳಿಸಿ ರೋಗಕ್ಕೆ ಮುಸುಕು ಹಾಕುತ್ತದೆ ಎಂದು ನನಗೆ ಆಮೇಲೆ ಗೊತ್ತಾಯಿತು. ಚೀಟಿ ಇಲ್ಲದೆ, ಏನು ಎತ್ತ ಎಂದು ಕೇಳದೆ, ಚಾಕಲೇಟು ಮಾರುವ ಹಾಗೆ ಮಾರುತ್ತಾರೆ. ಹತ್ತು ದಿನ ಬೊಕ್ಕೆ ತಣ್ಣಗಾದ ಹಾಗೆ ಕಂಡಿತು. ಆಮೇಲೆ ದೊಡ್ಡದಾಯಿತು, ಮೇಲೆ ಒಡೆದು ಹುಣ್ಣಾಯಿತು. ಅದರ ಹಿಂದೆಯೇ ಅಂಗೈಯ ಹಿಂಬದಿಯಲ್ಲಿ ಒಂದು, ಮಣಿಕಟ್ಟಿನ ಮೇಲೆ ಇನ್ನೊಂದು, ಮೊಣಕೈ ಕಡೆಗೆ ಮತ್ತೊಂದು, ಸಾಲಾಗಿ ಎದ್ದವು.

ಆಗ ಡೊಂಬಿವಲಿಯ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆವು. ಕ್ಲಿನಿಕ್ಕಿನ ಗೋಡೆ ತುಂಬ ಹೊಳೆಯುವ ಮುಖಗಳ ಫೋಟೋ. ಒಳಗೆ ಹೋಗಿ ಬರಲು ಒಬ್ಬೊಬ್ಬರಿಗೆ ನಾಲ್ಕು ನಿಮಿಷ. ನಾನು ಐದು ವರ್ಷದ ಫೈಲು ಎದೆಗೆ ಅಪ್ಪಿಕೊಂಡು ಹೋಗಿದ್ದೆ, ಅವರ ಮೇಜಿನ ಮೇಲೆ ಇಟ್ಟೆ, ಇವರಿಗೆ ಕಿಡ್ನಿ ಬದಲಿಸಿದ್ದಾರೆ ಸರ್ ಎಂದೆ. "ಹಾಂ ಹಾಂ" ಎಂದರು. ಫೈಲಿನ ದಾರ ಬಿಚ್ಚಲಿಲ್ಲ. ಫೋನಿನಲ್ಲಿ ಯಾರಿಗೋ ಲೇಸರಿನ ದಿನ ಗೊತ್ತುಮಾಡುತ್ತಲೇ ಫಂಗಸ್ ಎಂದು ಹೇಳಿ ಕ್ಯಾಪ್ಸೂಲು ಬರೆದರು.

ಆ ಕ್ಯಾಪ್ಸೂಲು ಕಿಡ್ನಿ ಮಾತ್ರೆಯ ಜೊತೆ ಸೇರಿದರೆ, ಕಿಡ್ನಿ ಮಾತ್ರೆ ರಕ್ತದಲ್ಲಿ ಎರಡು ಪಟ್ಟು ಮೂರು ಪಟ್ಟು ಏರುತ್ತದೆ. ಏರಿದರೆ ಕಾಯಬೇಕಾದ ಮಾತ್ರೆಯೇ ಕಿಡ್ನಿಗೆ ವಿಷ. ಇದು ಗುಟ್ಟಿನ ವಿದ್ಯೆಯಲ್ಲ. ನಮ್ಮ ಫೈಲಿನ ಮೊದಲ ಹಾಳೆಯಲ್ಲೇ, ಕೊಡಬಾರದ ಔಷಧಿಗಳ ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ದಾರ ಬಿಚ್ಚಿದ್ದರೆ ಸಾಕಿತ್ತು. ಮೂರನೇ ವಾರಕ್ಕೆ ಇವರ ಕೈ ನಡುಗಲು ಶುರುವಾಯಿತು, ಕಾಲು ಊದಿತು. ತಿಂಗಳ ರಕ್ತಪರೀಕ್ಷೆಯಲ್ಲಿ ಒಂದೂಕಾಲು ಇರುತ್ತಿದ್ದ ಕ್ರಿಯೇಟಿನಿನ್ ಎರಡೂವರೆ ತೋರಿಸಿತು. ಅದು ಏರಿತೆಂದರೆ ಕಿಡ್ನಿ ಸೋಲುತ್ತಿದೆ ಎಂದರ್ಥ. ಕಾಗದ ಕೈಯಲ್ಲಿ ಹಿಡಿದು ನಾನು ಶಾಲೆಯ ಆಫೀಸಿನಲ್ಲಿ ಎಲ್ಲರ ಎದುರು ಜೋರಾಗಿ ಅತ್ತೆ. ನನ್ನ ಹೊಟ್ಟೆ ಕೊಯ್ಸಿಕೊಂಡು ಕೊಟ್ಟದ್ದನ್ನು ಒಬ್ಬ ಮನುಷ್ಯ ದಾರ ಬಿಚ್ಚುವ ಸೋಮಾರಿತನಕ್ಕೆ ಹಾಳು ಮಾಡಿದನಲ್ಲ ಎಂದು.

ಕ್ಯಾಪ್ಸೂಲು ನಿಂತಿತು. ನವಿ ಮುಂಬಯಿಯ ಕಿಡ್ನಿ ಡಾಕ್ಟರು ನಮಗೇ ಬೈದು, ತಮ್ಮ ಆಸ್ಪತ್ರೆಯ ಹಿರಿಯ ಚರ್ಮವೈದ್ಯೆಯ ಹತ್ತಿರ ಕಳಿಸಿದರು. ಅಲ್ಲಿಗೆ ಹೋಗುವ ದಿನ ಇವರಿಗೆ ಜ್ವರವಿತ್ತು, ತೋಳು ಬಿಗಿದಿತ್ತು. ಗಾಡಿಯ ನೂಕಿನಲ್ಲಿ ಕರೆದುಕೊಂಡು ಹೋಗುವುದು ಹೇಗೆ ಎಂದು ಲಿಫ್ಟಿನ ಬಳಿ ಯೋಚಿಸುತ್ತ ನಿಂತಾಗ ಸೊಸೈಟಿಯ ಸೆಕ್ರೆಟರಿ ಕಾಕಾ ಸಿಕ್ಕರು. ಅರವತ್ತೈದು ದಾಟಿದವರು, ರಿಟೈರ್ಡ್. ವಿಷಯ ಕೇಳಿದವರೇ ಮನೆಗೆ ಹೋಗಿ ಕಾರಿನ ಚಾವಿ ತಂದರು. "ಚಲೋ ಬೇಟಾ, ಮೈ ಛೋಡ್ ದೇತಾ ಹೂಂ," ನಡಿ, ನಾನೇ ಬಿಟ್ಟುಬರುತ್ತೇನೆ ಎಂದರು. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಗಾಡಿ ಓಡಿಸಿದರು. ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟು ಹೋಗಲಿಲ್ಲ. ಇವರ ತೋಳು ಹಿಡಿದುಕೊಂಡು ಒಳಗೆ ಬಂದರು, ನಂಬರು ಬರುವ ತನಕ ಕೂತರು, ಕರೆದಾಗ ನಮ್ಮ ಜೊತೆ ಡಾಕ್ಟರ ಕೋಣೆಯೊಳಗೂ ಬಂದು ಕುರ್ಚಿ ಎಳೆದುಕೊಂಡರು. ಅಷ್ಟು ಮಾಡಿದವರಿಗೆ ಹೊರಗೆ ಇರಿ ಎಂದು ಯಾವ ಬಾಯಲ್ಲಿ ಹೇಳುವುದು?

ಆ ಡಾಕ್ಟರಮ್ಮ ಮೈಸೂರಿನವರು. ಫೈಲಿನಲ್ಲಿ ನಮ್ಮ ಊರು ನೋಡಿ ಕನ್ನಡದಲ್ಲೇ ಮಾತಾಡಿದರು. ಇಷ್ಟು ದಿನದಲ್ಲಿ ಮೊದಲ ಸಲ ಯಾರೋ ದಾರ ಬಿಚ್ಚಿ ಎಲ್ಲ ಹಾಳೆ ಓದಿದ್ದು. ಬೆರಳನ್ನು ದೀಪದ ಕೆಳಗೆ ಇಟ್ಟು ನೋಡಿದರು, ಗಂಟುಗಳ ಸಾಲನ್ನು ಹೆಬ್ಬೆರಳಿನಿಂದ ಒತ್ತುತ್ತ ಮೊಣಕೈ ತನಕ ಹೋದರು. ಮನೆಯಲ್ಲಿ ಗಿಡ ಇದೆಯಾ, ಗುಲಾಬಿ ಮುಳ್ಳು ಚುಚ್ಚಿತ್ತಾ, ಬೆಕ್ಕು ಪರಚಿತ್ತಾ, ಒಂದೊಂದೇ ಕೇಳಿದರು. ನಾವು ಇಲ್ಲ ಇಲ್ಲ ಎನ್ನುತ್ತ ಹೋದೆವು.

"ಮನೇಲಿ ಫಿಶ್ ಟ್ಯಾಂಕ್ ಇದೆಯಾ?"

"ಇಲ್ಲ ಮೇಡಂ."

"ಹಸಿ ಫಿಶ್ ಮುಟ್ಟೋದು, ಕ್ಲೀನ್ ಮಾಡೋದು, ಅಂಥದ್ದೇನಾದ್ರೂ?"

ಕನ್ನಡದ ನಡುವೆ ಬಿದ್ದ ಆ ಒಂದು ಶಬ್ದ ಕಾಕಾನ ಕಿವಿಗೆ ಹೋಯಿತು. ಅವರು ನಕ್ಕರು. "ಅರೇ ಮ್ಯಾಡಮ್, ಹಮಾರೀ ಪೂರೀ ಸೊಸೈಟೀ ಪ್ಯೂರ್ ವೆಜ್ ಹೈ. ಫಿಶ್ ಕಾ ತೋ ಸವಾಲ್ ಹೀ ನಹೀಂ." ನಮ್ಮ ಇಡೀ ಸೊಸೈಟಿಯೇ ಸಸ್ಯಾಹಾರಿ, ಮೀನಿನ ಮಾತೇ ಇಲ್ಲ ಎಂದು.

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. "ಹೌದು ಮೇಡಂ, ನಾವು ಸಸ್ಯಾಹಾರಿಗಳು" ಎಂದು ಅಚ್ಚ ಕನ್ನಡದಲ್ಲಿ ಹೇಳಿದೆ. ನಾನು ಕನ್ನಡದಲ್ಲಿ ಏನು ಹೇಳಿದರೂ ಕಾಕಾನಿಗೆ ತಿಳಿಯುತ್ತಿರಲಿಲ್ಲ. ನಿಜ ಹೇಳಿದ್ದರೂ ತಿಳಿಯುತ್ತಿರಲಿಲ್ಲ. ಆದರೂ ಹಾಗೆ ಹೇಳಿದೆ. ನನ್ನ ಗಂಡ ನೆಲ ನೋಡುತ್ತ ಕೂತಿದ್ದರು. ನೀವು ನಂಬುತ್ತೀರೋ ಇಲ್ಲವೋ, ಅದು ರೋಗದ ಪ್ರಶ್ನೆ ಎಂದು ಆ ಕ್ಷಣ ನನಗೆ ಅನಿಸಲೇ ಇಲ್ಲ. ಅದು ಮನೆಯ ಪ್ರಶ್ನೆ ಅನಿಸಿತು. ನಾಲ್ಕು ವರ್ಷ ಲಿಫ್ಟಿನಲ್ಲಿ, ಗೇಟಿನಲ್ಲಿ, ಗಣಪತಿ ಪೆಂಡಾಲಿನಲ್ಲಿ ಅದೇ ಉತ್ತರ ಕೊಟ್ಟು ಕೊಟ್ಟು ನಾಲಿಗೆಗೆ ಅಭ್ಯಾಸವಾಗಿತ್ತು. ಡಾಕ್ಟರಮ್ಮ ತಮ್ಮ ಕಾಗದದಲ್ಲಿ ಏನೋ ಒಂದನ್ನು ಹೊಡೆದುಹಾಕಿದ್ದನ್ನು ನೋಡಿದೆ. ಏನು ಎಂದು ಕೇಳಲಿಲ್ಲ.

ಗಂಟಿನ ಒಂದು ಚೂರು ಕತ್ತರಿಸಿ ಲ್ಯಾಬಿಗೆ ಕಳಿಸಿದರು. ಒಂದು ಭಾಗ ಸೂಕ್ಷ್ಮದರ್ಶಕಕ್ಕೆ, ಇನ್ನೊಂದು ಭಾಗ ಕ್ರಿಮಿ ಬೆಳೆಸಿ ನೋಡಲಿಕ್ಕೆ. ಸೂಕ್ಷ್ಮದರ್ಶಕದ ವರದಿ ಟಿಬಿಯ ಹಾಗೆ ಕಾಣುತ್ತದೆ ಎಂದಿತು. ಬೆಳೆಸಲು ಇಟ್ಟದ್ದು ಬೆಳೆಯಲೇ ಇಲ್ಲ. ವಾರ ವಾರ ಫೋನ್ ಮಾಡುತ್ತಿದ್ದೆ, "ನೋ ಗ್ರೋಥ್ ಮ್ಯಾಡಮ್" ಎಂದು ಒಂದೇ ರಾಗ. ಆರು ವಾರ ಹೋಯಿತು. ದೀಪಾವಳಿಯ ದೀಪಗಳು ಬಂದು ಹೋದವು. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು, ಅದರಲ್ಲಿ ಪೆನ್ನು ಹಿಡಿಯಲೂ ಆಗುತ್ತಿರಲಿಲ್ಲ.

ಕಿಡ್ನಿ ಡಾಕ್ಟರು ಕರೆದು ಕೂರಿಸಿ ಹೇಳಿದರು. ಕ್ರಿಮಿಯ ಹೆಸರು ಗೊತ್ತಾಗದಿದ್ದರೆ ಮುಂದಿನ ವಾರ ಟಿಬಿ ಮಾತ್ರೆ ಶುರು ಮಾಡಬೇಕು. ಆದರೆ ಟಿಬಿ ಮಾತ್ರೆಗಳಲ್ಲಿ ಮುಖ್ಯವಾದದ್ದು ಕಿಡ್ನಿ ಮಾತ್ರೆಯನ್ನು ರಕ್ತದಿಂದ ಗುಡಿಸಿಹಾಕುತ್ತದೆ. ಆಗ ದೇಹ ಎಚ್ಚರವಾಗಿ ಕಿಡ್ನಿಯ ಮೇಲೆ ಬೀಳಬಹುದು. ಟಿಬಿ ಮಾತ್ರೆ ಕೊಡದಿದ್ದರೆ ಬೆರಳು, ಆಮೇಲೆ ಕೈ, ಆಮೇಲೆ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. "ಎರಡರಲ್ಲಿ ಒಂದು ಮಾಡಲೇಬೇಕು" ಎಂದರು. ನನ್ನ ಗಂಡ ಆ ದಿನ ಗಾಡಿಯಲ್ಲಿ ಬರುವಾಗ ಮೆಲ್ಲನೆ ಹೇಳಿದರು, "ಬೆರಳು ಬೇಕಾದ್ರೆ ಹೋಗಲಿ ಮಾರಾಯ್ತಿ. ನಿನ್ನದನ್ನು ಕಳೆಯುವುದು ಬೇಡ." ಅವರು ಹಾಗೆಲ್ಲ ಮಾತಾಡುವ ಜನ ಅಲ್ಲ. ನಾನು ಕಿಟಕಿಯ ಹೊರಗೆ ನೋಡಿದೆ.

ಮಗಳು ಕಾಲೇಜಿನಿಂದ ಬಂದವಳು ಎಲ್ಲ ಕೇಳಿಸಿಕೊಂಡಳು. ಅವಳು ಇಲ್ಲಿಯೇ ಹುಟ್ಟಿದವಳು, ನಾವು ತುಳುವಿನಲ್ಲಿ ಹೇಳಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಆ ಮೈಸೂರಿನ ಡಾಕ್ಟರಮ್ಮ ಮೊದಲ ದಿನ ಏನೇನು ಕೇಳಿದ್ದರು ಎಂದು ಒಂದೊಂದೇ ಕೇಳಿದಳು. ಗಿಡ, ಗುಲಾಬಿ, ಬೆಕ್ಕು, ಫಿಶ್ ಟ್ಯಾಂಕ್, ಮೀನು ಎಂದೆ.

"ಮಚ್ಛೀ ಪೂಛಾ ಥಾ? ಔರ್ ಆಪ್ನೆ ಕ್ಯಾ ಬೋಲಾ?"

ಮೀನಿನ ಬಗ್ಗೆ ಕೇಳಿದ್ದಕ್ಕೆ ನಾನು ಏನು ಹೇಳಿದೆ ಎಂದು. ಸಸ್ಯಾಹಾರಿಗಳು ಎಂದು ಹೇಳಿದೆ ಎಂದೆ.

"ಮಮ್ಮೀ, ಡಾಕ್ಟರ್ ಸೆ ಭೀ ಝೂಟ್?" ಎಂದಳು, ಡಾಕ್ಟರಿಗೂ ಸುಳ್ಳಾ ಎಂದು. ಆಮೇಲೆ ಅಪ್ಪನ ಕೈ ಹಿಡಿದು ತಿರುಗಿಸಿ ಆ ಗಂಟನ್ನು ನೋಡಿದಳು. "ಪಪ್ಪಾ ಕೋ ಯಹೀಂ ಪೆ ಕಾಂಟಾ ಲಗಾ ಥಾ ನಾ?"

ಮುಳ್ಳು ತಾಗಿದ್ದು ಅಲ್ಲಿಯೇ. ಬಚ್ಚಲಿನ "ಹ್ಸ್" ನನಗೆ ಆಗ ನೆನಪಾಯಿತು.

ಮರುದಿನ ಕೆಲಸಕ್ಕೆ ರಜೆ ಹಾಕಿ, ಒಬ್ಬಳೇ ಠಾಣೆಯಲ್ಲಿ ಗಾಡಿ ಬದಲಿಸಿ ಆಸ್ಪತ್ರೆಗೆ ಹೋದೆ. ಹೆಸರು ಬರೆಸಿರಲಿಲ್ಲ, ಬಾಗಿಲಲ್ಲಿ ನಿಂತೆ. ಡಾಕ್ಟರಮ್ಮ ಕಣ್ಣೆತ್ತಿ ನೋಡಿದ ಕೂಡಲೇ "ಮೇಡಂ, ನಾವು ಮೀನು ತಿಂತೇವೆ. ಇವರೇ ಸಿಗಡಿ ಸುಲಿಯುವುದು. ಅದೇ ಬೆರಳಿಗೆ ಮುಳ್ಳು ಚುಚ್ಚಿತ್ತು" ಎಂದೆ. ಒಳಗೆ ಕೂತಿದ್ದ ಬೇರೆ ರೋಗಿ ನನ್ನನ್ನೇ ನೋಡುತ್ತಿದ್ದ. ನೋಡಲಿ ಎನಿಸಿತು.

ಅವರು ಪೆನ್ನು ಕೆಳಗಿಟ್ಟರು. "ಆವತ್ತು ಕೇಳಿದ್ನಲ್ಲಮ್ಮ ನಾನು? ಎರಡೆರಡು ಸಲ ಕೇಳಿದೆ!"

"ಹೌದು ಮೇಡಂ."

"ಎಷ್ಟು ವಾರ ಹೋಯ್ತು ಗೊತ್ತಾ ನಿಮಗೆ?" ಅವರ ದನಿ ಕಾರಿಡಾರಿಗೆ ಕೇಳುವಷ್ಟು ಏರಿತ್ತು. ನಾನು ಕೈಕಟ್ಟಿ ನಿಂತು ಬೈಸಿಕೊಂಡೆ. ಆಮೇಲೆ ಅವರೇ ಕುರ್ಚಿ ತೋರಿಸಿ, ನೀರು ಕೊಟ್ಟು, ವಿವರಿಸಿದರು. ಮೀನು, ಸಿಗಡಿ, ಅಕ್ವೇರಿಯಂ ನೀರಿನಲ್ಲಿ ಇರುವ ಒಂದು ಕ್ರಿಮಿ ಇದೆ, ಟಿಬಿ ಕ್ರಿಮಿಯ ದಾಯಾದಿ. ಅದಕ್ಕೆ ಮೈಯ ಬಿಸಿ ಆಗುವುದಿಲ್ಲ. ಅದಕ್ಕೇ ತಣ್ಣಗಿರುವ ಬೆರಳು, ಕೈಗಳಲ್ಲೇ ಕೂರುತ್ತದೆ. ಲ್ಯಾಬಿನಲ್ಲಿ ಎಲ್ಲ ಮಾದರಿಗಳನ್ನೂ ಮೈಯ ಬಿಸಿಯಲ್ಲಿ ಇಟ್ಟು ಬೆಳೆಸುತ್ತಾರೆ. ಇದನ್ನು ಅದಕ್ಕಿಂತ ತಂಪಿನಲ್ಲಿ, ಮೂವತ್ತು ಡಿಗ್ರಿಯಲ್ಲಿ ಇಡಬೇಕು. ಹಾಗೆ ಇಡಿ ಎಂದು ಡಾಕ್ಟರು ಬರೆದುಕೊಟ್ಟರೆ ಮಾತ್ರ ಇಡುತ್ತಾರೆ. ಮೊದಲ ದಿನದ ಕಾಗದವನ್ನು ತೆಗೆದು ನನ್ನ ಮುಂದೆ ಇಟ್ಟರು. ಮೂವತ್ತು ಡಿಗ್ರಿ ಎಂದು ಬರೆಯಲು ಹೊರಟವರು, ನಾನು ತಲೆಯಾಡಿಸಿದ ಮೇಲೆ ಹೊಡೆದುಹಾಕಿದ್ದರು. ಆ ಗೀಟು ಈಗಲೂ ನನ್ನ ಕಣ್ಣ ಮುಂದೆ ಇದೆ.

ಎರಡು ದಿನದಲ್ಲಿ ಮತ್ತೊಮ್ಮೆ ಗಂಟಿನ ಚೂರು ಕತ್ತರಿಸಿದರು. ಈ ಸಲ ಯಾವ ಬಾಟಲಿಗೆ ಏನು ಎಂದು ನಾನು ಮೊದಲೇ ಕೇಳಿ ತಿಳಿದುಕೊಂಡಿದ್ದೆ. ಸೂಕ್ಷ್ಮದರ್ಶಕಕ್ಕೆ ಹೋಗುವ ಚೂರು ಫಾರ್ಮಲಿನ್ನಿಗೆ, ಬೆಳೆಸುವ ಚೂರು ಬರೀ ಉಪ್ಪುನೀರಿನ ಸಲೈನಿಗೆ. ಫಾರ್ಮಲಿನ್ನಿಗೆ ಬಿದ್ದರೆ ಕ್ರಿಮಿ ಸತ್ತೇ ಹೋಗುತ್ತದೆ, ಬೆಳೆಯಲು ಏನೂ ಉಳಿಯುವುದಿಲ್ಲ. ನರ್ಸ್ ಮಾತಾಡುತ್ತ ಮಾತಾಡುತ್ತ ಎರಡೂ ಚೂರನ್ನು ಫಾರ್ಮಲಿನ್ ಬಾಟಲಿಯ ಕಡೆಗೇ ಒಯ್ದಳು. ನಾನು ಕಿರುಚಿದ ದನಿಗೆ ಪಕ್ಕದ ವಾರ್ಡಿನವರು ಓಡಿಬಂದರು. ಹುಚ್ಚಿ ಎಂದುಕೊಂಡಿರಬೇಕು, ಎಂದುಕೊಳ್ಳಲಿ. ಸಲೈನಿನ ಬಾಟಲಿಯನ್ನು ನಾನೇ ಕೈಯಲ್ಲಿ ಹಿಡಿದುಕೊಂಡು ಲ್ಯಾಬಿನ ಕಿಟಕಿಗೆ ಕೊಟ್ಟು, ಮೂವತ್ತು ಡಿಗ್ರಿ ಎಂದು ಅವರ ರಿಜಿಸ್ಟರಿನಲ್ಲಿ ಬರೆಯುವ ತನಕ ಕದಲಲಿಲ್ಲ.

ಹದಿನೇಳನೇ ದಿನ ಬೆಳೆಯಿತು. ಅಷ್ಟರೊಳಗೆ ಡಾಕ್ಟರಮ್ಮ ಕಾಯದೆ, ಕಿಡ್ನಿ ಮಾತ್ರೆಯ ಜೊತೆ ಹೆಚ್ಚು ಜಗಳವಾಡದ ಎರಡು ಔಷಧಿ ಶುರು ಮಾಡಿಬಿಟ್ಟಿದ್ದರು. ಸಿಗಡಿಯ ಮುಳ್ಳಿನ ಕಥೆ ಗೊತ್ತಾದ ಮೇಲೆ ಹೆಸರು ಮುಕ್ಕಾಲು ಗೊತ್ತಾದ ಹಾಗೆಯೇ ಎಂದರು. ತಿಂಗಳೊಳಗೆ ಹುಣ್ಣು ಒಣಗಿತು, ತೋಳಿನ ಗಂಟುಗಳು ಕರಗಿದವು. ಆದರೆ ಕ್ರಿಮಿ ಬೆರಳಿನ ಕೀಲಿನೊಳಗೆ ಇಳಿದಾಗಿತ್ತು. ಕ್ರಿಯೇಟಿನಿನ್ ಇಳಿದು ಒಂದೂಮುಕ್ಕಾಲಿಗೆ ನಿಂತುಬಿಟ್ಟಿತು, ಹಳೆಯ ಒಂದೂಕಾಲಿಗೆ ಬರಲೇ ಇಲ್ಲ. ನನ್ನ ಕಿಡ್ನಿಯ ಆಯುಷ್ಯದಲ್ಲಿ ಎಷ್ಟು ಹೋಯಿತು ಎಂದು ಕಿಡ್ನಿ ಡಾಕ್ಟರನ್ನು ಕೇಳಿದೆ. ಅವರು ಬೇರೆ ಮಾತು ತೆಗೆದರು.

ಇಷ್ಟಾಗಿ ಒಂದು ಸಂಜೆ ಕಾಕಾ ಪ್ರಸಾದ ತೆಗೆದುಕೊಂಡು ಮನೆಗೆ ಬಂದರು. ಇವರ ಹೆಸರಿನಲ್ಲಿ ಹರಕೆ ಹೇಳಿಕೊಂಡಿದ್ದರಂತೆ. ಸೋಫಾದಲ್ಲಿ ಕೂತು, ಚಹಾ ಕುಡಿದು, ಇವರ ಬೆನ್ನು ತಟ್ಟಿ, ಇಷ್ಟು ದೊಡ್ಡ ರೋಗದಿಂದ ಪಾರಾದದ್ದು ಸಾತ್ವಿಕ ಆಹಾರದ ಬಲ ಎಂದರು. ಮೀನು ಮಾಂಸ ತಿನ್ನುವವರಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. ಮೆಡಿಕಲ್ ಸ್ಟೋರಿನ ಟ್ಯೂಬು, ಬಿಚ್ಚದ ದಾರ, ಹೊಡೆದ ಗೀಟು, ಬ್ಯಾಗಿನಲ್ಲಿ ಹೊತ್ತ ಸಿಪ್ಪೆ, ನಾಲ್ಕು ವರ್ಷದ ಊದುಬತ್ತಿಯ ಹೊಗೆ, ಎಲ್ಲ ಒಟ್ಟಿಗೆ ಬಂತು. ಗಂಡ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದರು. ನಾನು ನಿಲ್ಲಲಿಲ್ಲ. ರೋಗ ಬಂದದ್ದು ಸಿಗಡಿಯ ಮುಳ್ಳಿನಿಂದ ಎಂದೆ. ಸಿಗಡಿ ಸುಲಿದದ್ದು ಈ ಮನೆಯ ಬಚ್ಚಲಿನಲ್ಲಿ ಎಂದೆ. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಎಂದೆ. ನಿಮ್ಮ ನಿಯಮಕ್ಕೆ ಹೆದರಿ ಡಾಕ್ಟರಿಗೆ ಸುಳ್ಳು ಹೇಳಿದೆ, ಅದರಿಂದ ಇವರ ಬೆರಳು ಹೋಯಿತು, ನನ್ನ ಕಿಡ್ನಿ ಅರ್ಧ ಹೋಯಿತು, ನಿಮ್ಮ ಸೊಸೈಟಿ ಶುದ್ಧವಾಗಿ ಉಳಿಯಿತು ಎಂದೆ. ನನ್ನ ಮುರುಕಲು ಹಿಂದಿಯಲ್ಲಿ ಅಷ್ಟೂ ಹೇಳಿದೆ. ಕಾಕಾ ಬಟ್ಟಲು ಕೆಳಗಿಟ್ಟು ಎದ್ದು ಹೋದರು. ಪ್ರಸಾದ ಟೀಪಾಯಿಯ ಮೇಲೆಯೇ ಉಳಿಯಿತು.

ಹತ್ತು ದಿನದಲ್ಲಿ ನೋಟೀಸು ಬಂತು. ಸೊಸೈಟಿಯ ನಿಯಮ ಮುರಿದದ್ದಕ್ಕೆ ತಿಂಗಳೊಳಗೆ ಮನೆ ಖಾಲಿ ಮಾಡಬೇಕು. ಕೆಳಗೆ ಸೆಕ್ರೆಟರಿಯ ಸಹಿ. ಹರಕೆ ಹೊತ್ತ ಕೈಯೇ ಸಹಿ ಹಾಕಿತ್ತು. ಹಾಕಲಿ, ನಾವು ಹೋಗುತ್ತೇವೆ ಎಂದೆ. ಬೇರೆ ಮನೆ ಹುಡುಕುವಾಗ ಬ್ರೋಕರಿಗೆ ಮೊದಲ ವಾಕ್ಯದಲ್ಲೇ ನಾವು ಮೀನು ತಿನ್ನುವವರು ಎಂದು ಹೇಳಿದೆ. ಏಳು ಮನೆ ಕೈತಪ್ಪಿತು. ಎಂಟನೆಯದು ಮುಂಬ್ರಾದ ಗುಡ್ಡದ ಕೆಳಗೆ ಸಿಕ್ಕಿತು. ಅದರ ಗೋಡೆ ಮಳೆಗಾಲದಲ್ಲಿ ಸ್ವಲ್ಪ ಒದ್ದೆಯಾಗುತ್ತದೆ.

ಮನೆ ಬಿಡುವ ಬೆಳಿಗ್ಗೆ ಟೆಂಪೋಗೆ ಸಾಮಾನು ತುಂಬುತ್ತಿದ್ದಾಗ ಕಾಕಾ ಕೆಳಗೆ ಬಂದರು. ಇವರ ಹತ್ತಿರ ಹೋಗಿ ಆ ಬೆರಳನ್ನು ಹಿಡಿದು ನೋಡಿದರು, ಮಡಚಲು ಆಗುತ್ತದಾ ಎಂದು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಬೇಕೆಂದೇ ಬೇರೆ ಕಡೆ ನೋಡಿದೆ.

"ಏಕ್ ಬಾರ್ ಬೋಲ್ ದೇತೀ ಬೇಟಾ," ಎಂದರು, "ಮೈ ಬಾಹರ್ ಜಾ ಕೆ ಖಡಾ ಹೋ ಜಾತಾ."

ಒಂದು ಮಾತು ಹೇಳಿದ್ದರೆ ನಾನು ಕೋಣೆಯ ಹೊರಗೆ ಹೋಗಿ ನಿಲ್ಲುತ್ತಿದ್ದೆನಲ್ಲ ಎಂದು. ನನ್ನ ಬಾಯಿ ತುಂಬ ಮಾತಿತ್ತು. ನಿಲ್ಲುತ್ತಿದ್ದಿರಿ, ಆಮೇಲೆ ನೋಟೀಸು ಕೊಡುತ್ತಿದ್ದಿರಿ ಎನ್ನಬೇಕಿತ್ತು. ಎನ್ನಲಿಲ್ಲ. ಏಕೆಂದರೆ ಅವರು ನಿಜವಾಗಿಯೂ ಹೊರಗೆ ಹೋಗಿ ನಿಲ್ಲುತ್ತಿದ್ದರು. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಗಾಡಿ ಓಡಿಸಿದವರು ಬಾಗಿಲ ಆಚೆಗೆ ನಾಲ್ಕು ಹೆಜ್ಜೆ ಹಾಕದೆ ಇರುತ್ತಿರಲಿಲ್ಲ. ಅವರನ್ನು ಹೊರಗೆ ಕಳಿಸಲು ನಾನು ಒಂದು ಮಾತು ಹೇಳಬೇಕಿತ್ತು, ಅಷ್ಟೇ. ಟೆಂಪೋದಲ್ಲಿ ಗಂಡನ ಪಕ್ಕ ಕೂತು ಮುಂಬ್ರಾ ಮುಟ್ಟುವ ತನಕ ನಾನು ಕಾಕಾನನ್ನು ಬೈಯುತ್ತಲೇ ಇದ್ದೆ. ಅವರು ಸೆಟೆದ ಆ ಬೆರಳಿರುವ ಕೈಯಿಂದಲೇ ನನ್ನ ಕೈ ಹಿಡಿದುಕೊಂಡು, "ಸಾಕು ಮಾರಾಯ್ತಿ, ನೀರು ಕುಡಿ" ಎಂದು ಬಾಟಲಿ ಕೊಟ್ಟರು.